ರವಿವಾರ ನೀರು ತರುತ್ತಿದ್ದವನು

ಕಳೆದ ತಿಂಗಳು ಬಹಳ ದಿನಗಳ ಮೇಲೆ ಇಳಕಲ್ಲಿಗೆ ಹೋಗಿದ್ದೆ. ಬಸ್ಸಿಳಿದು ನಮ್ಮ ಹಳೆಯ ಓಣಿಯ ಕಡೆ ನಡೆಯುವಾಗ ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡಿನ ಮುಂದೆ ಹಸಿ ಕಲ್ಲುಪುಡಿಯ ವಾಸನೆ ಬಂತು. ನೀರು, ಕಲ್ಲು, ಮಷೀನಿನ ಎಣ್ಣೆ ಎಲ್ಲ ಕಲೆತ ತಣ್ಣನೆಯ ವಾಸನೆ. ಕಾಲುಗಳು ತಾವಾಗಿಯೇ ನಿಂತವು. ನನಗೆ ಅದು ಕಲ್ಲಿನ ವಾಸನೆಯಲ್ಲ, ಒಬ್ಬ ಮನುಷ್ಯನದು. ರವಿವಾರ ಎಷ್ಟೇ ಬೆಳ್ಳಗಿನ ಅಂಗಿ ಹಾಕಿಕೊಂಡು ಬಂದರೂ ಅವನ ಮೈಯಿಂದ ಅದು ಹೋಗುತ್ತಿರಲಿಲ್ಲ...

ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅವ್ವ 'ಲಾರಿಯಂವ' ಅನ್ನುತ್ತಿದ್ದಳು. ನನ್ನ ಅಣ್ಣ ಸಿಕ್ಕು ಸತ್ತ ಲಾರಿಯನ್ನು ಓಡಿಸುತ್ತಿದ್ದವನು ಅವನು.

ಅಣ್ಣ ಆಗಷ್ಟೇ ಕಾಲೇಜಿಗೆ ಸೇರಿದ್ದ. ಅಪ್ಪ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಅವ್ವ ನೇಕಾರರಿಗೆ ನೂಲು ಸುತ್ತಿಕೊಟ್ಟು ಮನೆ ನಡೆಸುತ್ತಿದ್ದಳು. ಒಂದು ಸಂಜೆ ಅಣ್ಣ ಹುನಗುಂದದ ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದಾಗ, ಕ್ವಾರಿಯಿಂದ ಕಲ್ಲು ಹೇರಿಕೊಂಡು ಬಂದ ಲಾರಿ ಹಿಂದಿನಿಂದ ಬಡಿಯಿತು. ಡ್ರೈವರನಿಗೆ ಕಣ್ಣು ಹತ್ತಿತ್ತು. ಅವನು ಓಡಿಹೋಗಲಿಲ್ಲ. ಅಣ್ಣನನ್ನು ತಾನೇ ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟ. ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಪೊಲೀಸರ ಮುಂದೆಯೂ ಕೋರ್ಟಿನಲ್ಲಿಯೂ 'ತಪ್ಪು ನಂದ' ಎಂದನಂತೆ. ಜೈಲಿಗೆ ಹೋಗಿ ಬಂದ ಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಪಾಲಿಶ್ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ.

ಆಮೇಲೆ ಒಂದು ರವಿವಾರ, ಚರ್ಚಿನಿಂದ ನೇರವಾಗಿ ಬಂದು ನಮ್ಮ ಬಾಗಿಲಲ್ಲಿ ನಿಂತ. ಅವನು ಹುಟ್ಟಾ ಕ್ರೈಸ್ತ. ಊರಿನ ಸಣ್ಣ ಚರ್ಚಿಗೆ ಅವನ ಮನೆಯವರು ತಂದೆಯ ಕಾಲದಿಂದಲೂ ನಡೆದುಕೊಂಡವರು. ಬಾಗಿಲ ಬದಿಯ ಎರಡು ಖಾಲಿ ಕೊಡಗಳನ್ನು ಎತ್ತಿಕೊಂಡು ಬೋರಿಗೆ ಹೋಗಿ ತುಂಬಿ ತಂದಿಟ್ಟ. ಅವ್ವ ಎದ್ದು ಬಂದು ಎರಡೂ ಕೊಡಗಳನ್ನು ಗಟಾರಕ್ಕೆ ಸುರಿದಳು. ಅವನು ನೋಡಿಕೊಂಡೇ ಹೋದ. ಮುಂದಿನ ರವಿವಾರ ಮತ್ತೆ ಬಂದ. ಅವ್ವ ಮತ್ತೆ ಸುರಿದಳು.

ಇದು ಎಷ್ಟು ದಿನ ನಡೆಯಿತೋ... ಬೇಸಿಗೆಯಲ್ಲಿ ಬೋರಿನ ನೀರು ಇಳಿದು, ಒಂದು ಕೊಡಕ್ಕಾಗಿ ಓಣಿಯಲ್ಲಿ ಜಗಳ ಶುರುವಾದ ಮೇಲೆ ಅವ್ವ ಸುರಿಯುವುದನ್ನು ಬಿಟ್ಟಳು. ಮನಸ್ಸು ಕರಗಿತ್ತು ಅಂತಲ್ಲ, ಮನೆಯಲ್ಲಿ ನೀರಿರಲಿಲ್ಲ.

ಆ ಬೇಸಿಗೆಯಲ್ಲೇ ಒಂದು ದಿನ ಅವ್ವ ಮೊದಲ ಸಲ ಅವನನ್ನು ಮಾತಾಡಿಸಿದಳು.

"ನಿಮ್ಮ ದೇವರು ನಿನಗ ಕ್ಷಮಾ ಮಾಡ್ಯಾನಂತ. ಓಣ್ಯಾಗ ಮಂದಿ ಅಂತಾರ. ಖರೆ ಏನು?"

"ಹೌದ್ರಿ ಅವ್ವಾರ."

"ಅದಕ್ಕ ನೀ ಏನು ಮಾಡಿದಿ?"

"ಏನೂ ಮಾಡಿಲ್ಲರಿ. ಅದು ಮಾಡಿ ಗಳಸೂದಲ್ಲ. ನಂಬಿದಾಂವಗ ಪುಕ್ಕಟೆ ಕೊಡ್ತಾನ ಅಂತಾರ ನಮ್ಮ ಪಾಸ್ಟರು."

ಅವ್ವನ ಮುಖ ಕಪ್ಪಿಟ್ಟಿತು. "ಸತ್ತಾಂವ ನನ್ನ ಮಗ. ನನ್ನ ಒಂದು ಮಾತು ಕೇಳದ ಅಂವ ಹೆಂಗ ಕ್ಷಮಾ ಮಾಡಿದ?"

ಅವನು ಹೊರಡಲು ತಿರುಗಿದ. ಅವ್ವ ಬಿಡಲಿಲ್ಲ. "ಎಲ್ಲಾ ಪುಕ್ಕಟೆ ಸಿಕ್ಕಮ್ಯಾಲೆ ಈ ನೀರು ಯಾಕ ತರ್ತಿ?"

"ಸಿಕ್ಕೈತಿ ಅಂತನ ತರ್ತೇನ್ರಿ. ಸಿಗದಿದ್ರ ನಿಮ್ಮ ಬಾಗಲಿಗೆ ಬರಾಕ ನನಗ ಧೈರ್ಯ ಆಗ್ತಿರಲಿಲ್ಲ."

ಅವನು ಹೋದ ಮೇಲೆ ಅವ್ವನಿಗೆ ನೂಲು ಸುತ್ತಲು ಕೈ ಓಡಲಿಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವ ಹೆಂಗಸು ಅವಳು. 'ಮಾಡಿದ್ದುಣ್ಣೋ ಮಹಾರಾಯ' ಅನ್ನುವುದೇ ಅವಳ ನ್ಯಾಯ. ಮಾಡಿದವನು ಉಣ್ಣದೆ ಎದ್ದು ಹೋಗುವಂಥ ಪಂಕ್ತಿ ಎಲ್ಲಾದರೂ ಇದ್ದೀತೇ ಎಂದು ಅವಳಿಗೆ ಸಿಟ್ಟು. ಆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು... ಅಸೂಯೆಯೇ ಇರಬೇಕು. ಅವನಿಗಾದರೂ ನೆಮ್ಮದಿ ಸಿಕ್ಕಿದೆ, ತನಗಿಲ್ಲ ಎಂದು.

ವರ್ಷಗಳು ಹೋದವು. ನಾನು ಓದು ಮುಗಿಸಿ ಬಾಗಲಕೋಟೆಯಲ್ಲಿ ಕೆಲಸಕ್ಕೆ ಸೇರಿದೆ. ರಜೆಗೆ ಬಂದಾಗ ನೋಡಿದರೆ ರವಿವಾರದ ಕೊಡಗಳು ಹಾಗೆಯೇ ಬರುತ್ತಿದ್ದವು, ತರುವವನು ಮಾತ್ರ ಸೊರಗುತ್ತಿದ್ದ. ಒಂದು ಕೊಡ ಇಳಿಸಿ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದ. ಅವ್ವ ಒಳಗಿನಿಂದಲೇ ಅದನ್ನು ಕೇಳುತ್ತ ಕೂತಿರುತ್ತಿದ್ದಳು.

ನಂತರ ಅವನು ಬರುವುದು ನಿಂತಿತು. ನಾನು ಊರಿಗೆ ಬಂದಿದ್ದ ಒಂದು ದಿನ ಅವನ ಹೆಂಡತಿ ಬಂದಳು. ಎದೆಯಲ್ಲಿ ಕಲ್ಲುಪುಡಿ ಕೂತಿದೆ ಎಂದು ಡಾಕ್ಟರು ಕೈಬಿಟ್ಟಿದ್ದರು. "ಪಾಸ್ಟರ ಮಾತೂ ಕೇಳವಲ್ಲರ್ರಿ. ಕಾಲ ಕಡೆ ನಿಮ್ಮ ಹುಡುಗ ನಿಂತಾನ, ನಿಂತಾನ ಅಂತಾರ. ನಿಮ್ಮನ್ನ ಕರ್ಕೊಂಡು ಬಾ ಅಂದಾರ," ಎಂದಳು.

ಅವ್ವ ಸೀರೆಯನ್ನೂ ಬದಲಿಸದೆ ಎದ್ದಳು. ನಾನೂ ಹೋದೆ. ಶೀಟಿನ ಮನೆ, ಮಧ್ಯಾಹ್ನದ ಸೆಕೆ. ಮೂಳೆ ಮಾತ್ರ ಉಳಿದಿದ್ದ ಅವನು ಅವ್ವನನ್ನು ಕಂಡವನೇ ಎದ್ದು ಕೂರಲು ನೋಡಿದ, ಆಗಲಿಲ್ಲ.

"ಅವ್ವಾರ, ಅವತ್ತ ನಾ ಸುಳ್ಳು ಹೇಳಿದೆ. ಕ್ಷಮಾ ಸಿಕ್ಕೈತಿ ಅಂತ ನೀರು ತರ್ತಿರಲಿಲ್ಲರಿ. ಸಿಗಲಿ ಅಂತ ತರ್ತಿದ್ದೆ." ಉಸಿರು ಎಳೆದುಕೊಂಡು ಮುಂದುವರಿಸಿದ. "ಲಾರ್‍ಯಾಗ ಹುಡುಗ ಒಂದ ಮಾತು ಆಡಿದ್ದ. ನೀರು ಕೊಡು ಕಾಕಾ ಅಂದ. ನನ್ನ ಕ್ಯಾನಿನಾಗ ಒಂದ ಹನಿ ಇರಲಿಲ್ಲ... ಎಷ್ಟು ತಂದ್ರೂ ಸಾಲವಲ್ಲದು ಅವ್ವಾರ. ಅಂವ ಇನ್ನೂ ಕೇಳ್ತಾನ."

ಈ ಮಾತು ಅಷ್ಟು ವರ್ಷ ನಮಗೆ ಗೊತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಅವ್ವ ನೆಲಕ್ಕೆ ಕೂತಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಕೇಳಿಲ್ಲಿ ತಮ್ಮಾ," ಅಂದಳು. ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ನೀ ತಂದ ನೀರು ನನ್ನ ಮಗನ ಬಾಯಿಗೆ ಮುಟ್ಟೂದಿಲ್ಲ. ಹೊಳಿ ಹೊಳಿನ ತಂದ್ರೂ ಮುಟ್ಟೂದಿಲ್ಲ. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ. ಮಾಡಿ ಗಳಸೂದಲ್ಲ ಅಂತ ನೀನ ಅಂದಿದ್ದಿ. ಪುಕ್ಕಟೆ ಕೊಡ್ತಾನಂದ್ರ ಇಸ್ಕೊ ಮತ್ತ. ಇನ್ನ ಕೊಡ ಹೊರಬ್ಯಾಡ."

ಅವನು ಅವಳ ಮುಖವನ್ನೇ ನೋಡಿದ. "ನೀವು?"

"ನಾ ದೇವರಲ್ಲ," ಅಂದಳು ಅವ್ವ. "ನನಗ ಇನ್ನೂ ಆಗಿಲ್ಲ."

ಆದರೂ ಅವನಿಗೆ ನಿದ್ದೆ ಹತ್ತುವವರೆಗೆ ಅಲ್ಲಿಂದ ಏಳಲಿಲ್ಲ. ಆಮೇಲೆ ಅವನು ಕಾಲ ಕಡೆ ನೋಡುವುದನ್ನು ಬಿಟ್ಟನಂತೆ. ಅದೇ ವಾರದಲ್ಲಿ ತೀರಿಕೊಂಡ.

ಅವನನ್ನು ಬಿಟ್ಟ ಕಾಟ ನಮ್ಮ ಮನೆಗೆ ಬಂತೋ ಏನೋ. ನಾನು ಊರಿಗೆ ಬಂದಾಗ, ರವಿವಾರ ಮಧ್ಯಾಹ್ನ ಅವ್ವ ನೂಲಿನ ರಾಟಿ ನಿಲ್ಲಿಸಿ, "ಹೊರಗ ಕೊಡ ಇಟ್ಟ ಸಪ್ಪಳಾತು, ನೋಡು," ಅನ್ನುತ್ತಿದ್ದಳು. ಮನೆಯೊಳಗೇ ನಳ ಬಂದ ಮೇಲೂ ಅನ್ನುತ್ತಿದ್ದಳು. ನಾನು ಎದ್ದು ಹೋಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಕೊನೆಗಾಲದಲ್ಲಿ ನನ್ನ ಕೈ ಹಿಡಿದುಕೊಂಡು, "ಅವಗ ಹೇಳಬೇಕಿತ್ತು," ಅಂದಳು. ಏನು ಎಂದು ಕೇಳಿದೆ. "ನನಗೂ ಆಗೇತಿ ಅಂತ... ತಡಾ ಆತು."

ಕಳೆದ ತಿಂಗಳು ಓಣಿಗೆ ಹೋದಾಗ ಅವನ ಹೆಂಡತಿಯನ್ನು ಹುಡುಕಿಕೊಂಡು ಹೋದೆ. ಅದೇ ಶೀಟಿನ ಮನೆ. ಚಹಾ ಮಾಡಿಕೊಟ್ಟಳು. ಅವ್ವ ಹೇಳಿದ್ದನ್ನು ತಿಳಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು:

"ಅವರು ಹೋಗೂಮುಂದ ನಿಮ್ಮನ್ನೂ ನೆನಿಸಿದ್ರು. ದೇವರನ್ನ ಕ್ಷಮಾ ಕೇಳಿದೆ, ಹುಡುಗನ ಅವ್ವನ್ನ ಕೇಳಿದೆ, ಅವನ ತಂಗಿ ಅಲ್ಲೇ ನಿಂತಿದ್ಲು, ಆಕಿನ್ನ ಕೇಳಲಿಲ್ಲ ನಾ, ಅಂದ್ರು."

ನಾನು ಏನಾದರೂ ಹೇಳುತ್ತೇನೇನೋ ಎಂದು ಅವಳು ಕಾದಳು. ಅಷ್ಟು ವರ್ಷ ಆ ಮನೆಯಲ್ಲಿ, ಆ ಬಾಗಿಲಲ್ಲಿ, ನಾನೂ ಇದ್ದೆ. ಅಣ್ಣ ನನಗೂ ಅಣ್ಣನಾಗಿದ್ದ. ಕೇಳಬೇಕಾದವನು ಈಗಿಲ್ಲ, ಕೇಳಿದ್ದರೆ ಹೌದು ಅನ್ನುತ್ತಿದ್ದೆನೋ ಇಲ್ಲವೋ... ನನಗೆ ಇವತ್ತಿಗೂ ತಿಳಿಯದು.