ಬಾಗಿಲಲ್ಲಿ ನಿಂತಿದ್ದ ಅರ್ಧ ಗಂಟೆ

ಈಗಲೂ ಯಾರಾದರೂ ಬಾಗಿಲು ಬಡಿದರೆ ನಾನು ಮೊದಲು ಬಾಲ್ಕನಿಯ ಕಡೆ ನೋಡುತ್ತೇನೆ. ಬಂದಿರುವುದು ಕೊರಿಯರ್‌ನವನಿರಬಹುದು, ಲಿಫ್ಟ್ ಕೆಟ್ಟಿದೆ ಎಂದು ಹೇಳಲು ಬಂದ ಪಕ್ಕದ ಮನೆಯವರಿರಬಹುದು. ಆದರೂ ಕಣ್ಣು ಹೋಗುವುದು ಅಲ್ಲಿಗೇ. ನೋಯ್ಡಾದ ಈ ಹದಿನಾಲ್ಕನೇ ಮಹಡಿಯಿಂದ ಯಾರೂ ಎಲ್ಲಿಗೂ ದಾಟಲಾರರು.

ದಿಲ್ಲಿಯ ಮುನಿರ್ಕಾದಲ್ಲಿ ದಾಟಬಹುದಿತ್ತು. ಅಲ್ಲಿ ಮನೆಗಳು ಒಂದರ ಮೈಗೆ ಒಂದು ಒರಗಿಕೊಂಡು ನಿಂತಿವೆ. ಮೂರನೇ ಮಹಡಿಯ ನಮ್ಮ ಕೋಣೆಯ ಹಿಂದಿನ ಬಾಲ್ಕನಿಗೂ ಎದುರು ಮನೆಯ ಬಾಲ್ಕನಿಗೂ ನಡುವೆ ಎರಡು ಅಡಿ ಇದ್ದರೆ ಹೆಚ್ಚು. ಆ ಕಡೆ ಇದ್ದ ಕೇರಳದ ನರ್ಸ್ ಒಬ್ಬಳು ನಮಗೆ ಕರಿಬೇವು ಕೊಡುತ್ತಿದ್ದದ್ದು ಕೈ ಚಾಚಿಯೇ. ಕೆಳಗೆ ನೋಡಿದರೆ ಮಾತ್ರ ಸೂರ್ಯನ ಬೆಳಕೇ ಬೀಳದ ಒಂದು ಸಂದು, ಪೈಪುಗಳು, ಕಸ.

ನಾನು ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಹಂಚಿಕೊಳ್ಳಲು ಸಿಕ್ಕವಳು ಗದಗಿನ ಕಡೆಯ ಹುಡುಗಿ, ಎಂ.ಎ. ಎರಡನೇ ವರ್ಷ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಬಂದ ಮೂರನೇ ತಿಂಗಳಿಗೆ, ನಾನು ಬಟ್ಟೆ ಮಡಚುತ್ತಿದ್ದಾಗ, ಅವಳೇ ಹೇಳಿದಳು.

"ಅಕ್ಕಾ, ಒಂದ್ ಮಾತ್ ಹೇಳ್ತೀನಿ. ಕೇಳಿದ ಮ್ಯಾಲ ಖೋಲಿ ಬಿಡು ಅಂದ್ರ ಬಿಡ್ತೀನಿ."

ಅವಳು ಹೋಟೆಲುಗಳಿಗೆ ಹೋಗಿ ಗಂಡಸರನ್ನು ಭೇಟಿಯಾಗುತ್ತಿದ್ದಳು. ಅದು ಅವಳ ಕೆಲಸ. ಯಾಕೆ ಎಂದು ಕೇಳಿದೆ.

"ಕಾರಣ ಕೇಳಬ್ಯಾಡ. ಹೇಳಿದ್ರ ಅಯ್ಯೋ ಪಾಪ ಅಂತಿ, ಹೇಳದಿದ್ರ ಛೀ ಅಂತಿ. ನನಗ ಎರಡೂ ಬ್ಯಾಡ."

ನಾನು ದೊಡ್ಡ ಮನಸ್ಸಿನವಳೇನಲ್ಲ. ಎರಡು ದಿನ ನನ್ನ ಸೋಪನ್ನು ಬೇರೆ ಡಬ್ಬಿಯಲ್ಲಿಟ್ಟೆ. ಅವಳು ನೋಡಿದಳು. ಮೂರನೇ ದಿನ ನನಗೇ ನಾಚಿಕೆಯಾಗಿ ತಂದು ಮೊದಲಿನ ಜಾಗದಲ್ಲಿಟ್ಟೆ. ಅವಳು ಒಬ್ಬಳೇ ಹೋಗಿಬರುತ್ತಾಳೆ ಎಂಬ ಭಯ ಶುರುವಾದದ್ದು ಆಮೇಲೆ.

ಆ ಭಯಕ್ಕೆ ನಾವೇ ಒಂದು ಕ್ರಮ ಮಾಡಿಕೊಂಡೆವು. ಹೋಗುವ ಮೊದಲು ಅವಳು ನನಗೆ ಫೋನ್ ಮಾಡಿ ಹೋಟೆಲಿನ ಹೆಸರು, ಕೋಣೆ, ಕಾರಿನ ಬಣ್ಣ ಮತ್ತು ನಂಬರು ಹೇಳಬೇಕು. ನಾನು ಅದನ್ನು ತಿರುಗಿ ಹೇಳಿ ಸರಿಯೇ ಎಂದು ಕೇಳಿ ಬರೆದುಕೊಳ್ಳಬೇಕು. ಎರಡು ಗಂಟೆಯೊಳಗೆ ಅವಳ ಫೋನ್ ಬರದಿದ್ದರೆ ನಾನು ಪೊಲೀಸರಿಗೆ ಹೇಳಬೇಕು. "ನಾ ಸತ್ರ ನೀ ಪೇಪರ್‌ನ್ಯಾಗ ಓದಿ ತಿಳ್ಕೋಬಾರದು ನೋಡು," ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಎಲ್ಲವೂ ಕನ್ನಡದಲ್ಲಿ. ದಿಲ್ಲಿಯಲ್ಲಿ ಕನ್ನಡವೆಂದರೆ ನಮಗೆ ಬೀಗ ಹಾಕಿದ ಕೋಣೆ. ಮೆಟ್ರೋದಲ್ಲಿ, ಆಟೋದಲ್ಲಿ, ಎದುರಿಗೆ ಕೂತವರ ಬಗ್ಗೆಯೇ ಏನು ಬೇಕಾದರೂ ಆಡಬಹುದು. ಹಾಗೆ ಆಡಿ ಆಡಿ ದನಿ ತಗ್ಗಿಸುವುದೇ ನಮಗೆ ಮರೆತುಹೋಗಿತ್ತು.

ಶನಿವಾರಗಳಲ್ಲಿ ನಾನು ತಿಂಡಿಗೆ ಹೋಗುತ್ತಿದ್ದುದು ಪಕ್ಕದ ಗಲ್ಲಿಯ ಪುಟ್ಟ ಹೋಟೆಲಿಗೆ. ಕುಂದಾಪುರ ಕಡೆಯವರದ್ದು. ಯಜಮಾನರು ಇಡೀ ದಿನ ಒಳಗೆ ಕಾವಲಿಯ ಮುಂದೆ. ಗಲ್ಲಾದಲ್ಲಿ ಕೂರುತ್ತಿದ್ದದ್ದು ಮಗಳು, ಕಾಲೇಜು ಓದುವವಳು, ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಒಮ್ಮೆ ನಾನು ಕನ್ನಡದಲ್ಲಿ ಮಾತಾಡಿಸಿದಾಗ "ದೀದಿ, ಮುಝೆ ನಹೀ ಆತೀ," ಎಂದು ನಕ್ಕಿದ್ದಳು. ಬರುವುದಿಲ್ಲ ಎಂದರೆ ಬರುವುದಿಲ್ಲ ಎಂದುಕೊಂಡೆ. ಅವಳ ಗಲ್ಲಾದ ಪಕ್ಕದ ಮೇಜಿನಲ್ಲೇ ಕೂತು ಎಷ್ಟೋ ಸಲ ಆ ಫೋನು ಎತ್ತಿದ್ದೇನೆ. ಹೋಟೆಲಿನ ಹೆಸರು, ಕಾರಿನ ನಂಬರು ಎಲ್ಲವನ್ನೂ ಗಟ್ಟಿಯಾಗಿ ತಿರುಗಿ ಹೇಳಿದ್ದೇನೆ. "ಹೊಸಬನಾ? ಐಡಿ ನೋಡಿದೆಯಾ? ಆದ ತಕ್ಷಣ ಫೋನ್ ಮಾಡು," ಎಂದಿದ್ದೇನೆ, ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ.

ಅದು ನಡೆದದ್ದೂ ಒಂದು ಶನಿವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅವಳು ಪರೀಕ್ಷೆಗೆ ಓದುತ್ತ ಕೂತಿದ್ದಳು. ನಾನು ಬೆಳಗಿನ ಮೀಟಿಂಗಿಗೆಂದು ಆಫೀಸಿಗೆ ಹೋಗಿ ಆಗಷ್ಟೇ ವಾಪಸ್ಸಾಗಿದ್ದೆ, ಕೊರಳಿನ ಐಡಿ ಕಾರ್ಡನ್ನೂ ತೆಗೆದಿರಲಿಲ್ಲ. ಕೆಳಗೆ ಗೇಟಿನ ಹತ್ತಿರ ಗದ್ದಲ. ಮೊದಲು ನೀರಿನ ಜಗಳ ಎಂದುಕೊಂಡೆವು. ಆಮೇಲೆ ಹೆಜ್ಜೆಗಳು ಮೆಟ್ಟಿಲು ಹತ್ತತೊಡಗಿದವು. ಒಬ್ಬಿಬ್ಬರದ್ದಲ್ಲ.

"ಬಾಹರ್ ನಿಕಾಲೋ ಉಸೆ!" ಎಂದು ಗಂಡಸಿನ ದನಿ. ಹೊರಗೆ ಎಳೆಯಿರಿ ಅವಳನ್ನು.

ಬಾಗಿಲು ಬಡಿದ ಏಟಿಗೆ ಚಿಲಕ ಕುಣಿಯಿತು. ಮನೆ ಮಾಲಕಿ ಆಂಟಿಯ ದನಿ ಕೇಳಿಸಿತು, ಗಲ್ಲಿಯ ಪ್ರಾಪರ್ಟಿ ಡೀಲರ್‌ನ ದನಿ ಕೇಳಿಸಿತು. ನಡುವೆ ಒಬ್ಬ ಹೆಂಗಸು ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು: ನೋಯ್ಡಾದ ಇಂಥ ಹೋಟೆಲು, ಬಿಳಿ ಕಾರು, ಹೋದ ಶನಿವಾರ, ಕೋಣೆ ಇನ್ನೂರ ಹನ್ನೊಂದು.

ಆ ಅಂಕಿ ಕೇಳಿ ಅವಳು ಪುಸ್ತಕ ಕೆಳಗಿಟ್ಟಳು. ನನ್ನ ಮುಖ ನೋಡಿದಳು.

"ಯಾರಿಗ್ ಹೇಳಿದಿ ಅಕ್ಕಾ?"

"ಯಾರಿಗೂ ಇಲ್ಲ. ದೇವರಾಣೆ."

"ಮತ್ತ ಖೋಲಿ ನಂಬರ್ ಹ್ಯಾಂಗ್ ಗೊತ್ತಾತು ಇವರಿಗೆ?"

ಇಡ್ಲಿಯ ತಟ್ಟೆ, ಗಲ್ಲಾ, ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ ಆ ಹುಡುಗಿಯ ಕಣ್ಣು. ಮಾತಾಡಲು ಬಾರದವರಿಗೆ ಅರ್ಥವೂ ಆಗುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ಮನೆಯಲ್ಲಿ ಅಪ್ಪ ಅಮ್ಮ ಆಡುವುದನ್ನು ಕೇಳಿಯೇ ಬೆಳೆದವಳು. ತಾಯಿಗೆ ಹೇಳಿರಬೇಕು, ತಾಯಿ ಇನ್ಯಾರಿಗೋ. "ನಾನೇ," ಎಂದೆ. "ಹೋಟೆಲಲ್ಲಿ, ಫೋನಲ್ಲಿ."

ಪೊಲೀಸರಿಗೆ ಫೋನ್ ಮಾಡಲು ಹೋದೆ. ಅವಳು ನನ್ನ ಕೈ ಹಿಡಿದಳು. ಬಾಡಿಗೆದಾರರ ಫಾರಂ ಠಾಣೆಯಲ್ಲಿದೆ, ಅದರಲ್ಲಿ ತನ್ನ ಅಪ್ಪನ ಹೆಸರು, ಊರಿನ ವಿಳಾಸ, ನಂಬರು. ಅವರು ಮೊದಲು ಮಾಡುವುದೇ ಅಪ್ಪನಿಗೆ ಫೋನು. "ನನ್ನ ಮುಖ ಇವರ ಫೋನಿನ್ಯಾಗ ಬರಬಾರದು ಅಕ್ಕಾ. ಹೊಡದ್ರ ಹೊಡೀಲಿ. ವಿಡಿಯೊ ಆದ್ರ ನಾ ಊರಿಗೂ ಹೋಗಂಗಿಲ್ಲ, ಪರೀಕ್ಷೆಗೂ ಹೋಗಂಗಿಲ್ಲ."

ನಾವಿಬ್ಬರೂ ಒಟ್ಟಿಗೇ ಬಾಲ್ಕನಿಯ ಕಡೆ ನೋಡಿದೆವು.

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ, ಬಕೆಟ್ಟು ಇಟ್ಟೆ, ಹೊರಬಂದು ಬಚ್ಚಲ ಬಾಗಿಲು ಎಳೆದುಕೊಂಡೆ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದಳು. ಆಮೇಲೆ ನಾನು ಚಿಲಕ ತೆಗೆದೆ. ಬಾಗಿಲನ್ನು ನನ್ನ ಮೈಯಗಲ ಮಾತ್ರ ತೆರೆದು ನಡುವೆ ನಿಂತೆ.

ಎದುರಿಗೆ ಮುಖಗಳಿಗಿಂತ ಫೋನುಗಳೇ ಹೆಚ್ಚಿದ್ದವು.

"ಎಲ್ಲಿ ಅವಳು?"

"ನಹಾ ರಹೀ ಹೈ," ಎಂದೆ. ಸ್ನಾನಕ್ಕೆ ಹೋಗಿದ್ದಾಳೆ.

ಆಗ ಒಂದು ವಿಚಿತ್ರ ನಡೆಯಿತು. ಎಲ್ಲರೂ ತಡೆದು ನಿಂತರು. ಅವಳ ಮಾನ ಕಳೆಯಲು ಬಂದವರಿಗೆ ಸ್ನಾನದ ಮನೆಯ ಬಾಗಿಲು ಒಡೆಯುವುದು ಮಾನಗೆಟ್ಟ ಕೆಲಸವೆನಿಸಿತು. "ಮಿಂದು ಬರಲಿ. ಹೋಗೋದೆಲ್ಲಿಗೆ?" ಎಂದಳು ಆಂಟಿ. ಹಿಂದಿನಿಂದ ಯಾರೋ, "ಎಷ್ಟು ಮಿಂದರೂ ಆ ಕೊಳೆ ಹೋಗೋದಿಲ್ಲ ತಾಯಿ," ಎಂದ. ಮೆಟ್ಟಿಲುದ್ದಕ್ಕೂ ನಗು ಇಳಿದುಹೋಯಿತು.

ನಾನು ಹಿಂದಕ್ಕೆ ನೋಡುವಂತಿರಲಿಲ್ಲ. ನೋಡಿದರೆ ಅವರೂ ನೋಡುತ್ತಾರೆ. ಬೆನ್ನೇ ಕಿವಿಯಾಗಿತ್ತು. ಬಾಲ್ಕನಿಯ ಕಬ್ಬಿಣದ ಕಂಬಿ ಒಮ್ಮೆ ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ. ಬಿದ್ದರೆ ಸದ್ದು ಕೇಳಿಸುತ್ತದೆಯೇ, ಈ ಗಲಾಟೆಯಲ್ಲಿ? ಕೇಳಿಸದೆಯೂ ಹೋಗಬಹುದೇ? ಇವತ್ತಿಗೂ ನಿದ್ದೆಯಲ್ಲಿ ನಾನು ಆ ಸದ್ದಿಗಾಗಿ ಕಾಯುತ್ತೇನೆ.

ಡೀಲರ್ ನನ್ನ ಮುಖದ ಹತ್ತಿರ ಫೋನು ತಂದ. "ಔರ್ ತೂ? ನೀನೂ ಅದೇ ಧಂಧಾನಾ?"

ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಕೊರಳಿನ ಐಡಿ ಕಾರ್ಡನ್ನು ಎತ್ತಿ ಹಿಡಿದೆ. "ನಾನು ಆಫೀಸಿಗೆ ಹೋಗುವವಳು. ನೋಡಿ. ನಾನು ಅಂಥವಳಲ್ಲ," ಎಂದೆ. ಹಿಂದಿಯಲ್ಲಿ, ಗಟ್ಟಿಯಾಗಿ. ಅವಳು ಆ ಹೊತ್ತಿಗೆ ದಾಟಿದ್ದಳೋ, ಇನ್ನೂ ಕಂಬಿ ಹಿಡಿದು ನಿಂತು ಕೇಳಿಸಿಕೊಂಡಳೋ ಗೊತ್ತಿಲ್ಲ.

ಒಳಗೆ ನೀರಿನ ಸದ್ದು ಸಣ್ಣಗಾಗತೊಡಗಿತು. ಟ್ಯಾಂಕು ಖಾಲಿಯಾಗುವ ಹೊತ್ತು. ಧಾರೆ ತೆಳುವಾಗಿ, ಹನಿಯಾಗಿ, ನಿಂತಿತು. ಆಂಟಿ ತಲೆ ಎತ್ತಿದಳು. "ಅಚ್ಛಾ, ಆಯ್ತಲ್ಲ ಸ್ನಾನ," ಎಂದು ನನ್ನನ್ನು ತಳ್ಳಿ ಒಳಗೆ ನುಗ್ಗಿದಳು. ಬಚ್ಚಲಲ್ಲಿ ತುಂಬಿ ಹರಿದ ಬಕೆಟ್ಟು ಬಿಟ್ಟರೆ ಏನೂ ಇರಲಿಲ್ಲ. ಆಂಟಿ ತಿರುಗಿ ಬಂದು ನನ್ನ ಕೆನ್ನೆಗೆ ಹೊಡೆದಳು. ಯಾರೋ ಕೂದಲು ಹಿಡಿದರು. ಬಾಲ್ಕನಿಗೆ ಓಡಿದವರಿಗೆ ಎದುರು ಮನೆಯ ಮುಚ್ಚಿದ ಬಾಗಿಲು, ಅದರ ಮುಂದೆ ನಿಂತು ಒದ್ದೆ ಯೂನಿಫಾರಂ ಹಿಂಡುತ್ತಿದ್ದ ನರ್ಸ್ ಕಂಡಳಂತೆ. "ಕ್ಯಾ ಹುವಾ?" ಎಂದು ಅವಳೇ ಅವರನ್ನು ಕೇಳಿದಳಂತೆ.

ಸಂಜೆಯೊಳಗೆ ನನ್ನ ಸಾಮಾನು ಗಲ್ಲಿಯಲ್ಲಿತ್ತು. ರಾತ್ರಿ ಅವಳಿಂದ ಒಂದೇ ಸಾಲಿನ ಸಂದೇಶ ಬಂತು: ಸೇಫ್ ಇದೀನಿ, ಹುಡುಕಬ್ಯಾಡ. ಅವಳು ಪರೀಕ್ಷೆ ಬರೆದಳೆಂದು ಆಮೇಲೆ ನರ್ಸ್ ಹೇಳಿದಳು. ಮುಂದಿನದು ನನಗೆ ತಿಳಿಯದು.

ವಿಡಿಯೊ ಹರಡಿತು. ಅದರಲ್ಲಿ ಅವಳಿರಲಿಲ್ಲ. ಇದ್ದದ್ದು ನಾನು: ಕೆದರಿದ ಕೂದಲು, ಎತ್ತಿ ಹಿಡಿದ ಕಾರ್ಡು, ಅದರ ಮೇಲೆ ನನ್ನ ಹೆಸರು. ಮಾತು ಕತ್ತರಿಸಿ ಹಾಡು ಹಾಕಿದ್ದರು. ಮೇಲೆ 'ಹಗಲು ಆಫೀಸು, ರಾತ್ರಿ ಧಂಧಾ' ಎಂಬ ಅರ್ಥದ ಹಿಂದಿ ಸಾಲು. ಆಫೀಸಿನಲ್ಲಿ ಸ್ವಲ್ಪ ದಿನ ಮನೆಯಿಂದಲೇ ಕೆಲಸ ಮಾಡಿ ಎಂದರು. ಕ್ಯಾಬ್ ಡ್ರೈವರ್ ಕನ್ನಡಿಯಲ್ಲಿ ಎರಡು ಸಲ ನೋಡಿದರೆ ನಾನು ಮುಂದಿನ ಸಿಗ್ನಲ್ಲಿನಲ್ಲೇ ಇಳಿದುಬಿಡುತ್ತಿದ್ದೆ.

ಒಂಬತ್ತನೇ ದಿನ ದಾವಣಗೆರೆಯಿಂದ ಅಣ್ಣನ ಫೋನು ಬಂತು.

"ಏನೇ ಇದು? ನಿಮ್ಮತ್ತಿಗೆ ತಮ್ಮ ಕಳ್ಸಿದಾನೆ. ನೀನೇ ಅಲ್ವೇನೇ ಇದ್ರಲ್ಲಿರೋದು?"

"ಹೂಂ, ನಾನೇ. ಆದ್ರೆ ಅವ್ರು ಬಂದಿದ್ದು ನನ್ನ ಹುಡುಕ್ಕೊಂಡಲ್ಲ."

"ಮತ್ಯಾರನ್ನ? ಹೆಸರು ಹೇಳು. ಯಾವೂರೋಳು? ನಾನು ಎಲ್ಲರಿಗೂ ಹೇಳ್ತೀನಿ, ಅವಳು ಬೇರೆ, ನಮ್ಮ ಹುಡುಗಿ ಅಲ್ಲ ಅಂತ. ಅಮ್ಮಂಗೆ ಇನ್ನೂ ಗೊತ್ತಿಲ್ಲ. ಬೇಗ ಹೇಳು."

ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಮುಗಿಯುತ್ತಿತ್ತು. ದಾವಣಗೆರೆಗೂ ಗದಗಿಗೂ ಎಷ್ಟು ದೂರ? ಮಾತು ತಲುಪಲು ಒಂದು ಮಧ್ಯಾಹ್ನ ಸಾಕು.

"ಗೊತ್ತಿಲ್ಲಣ್ಣ," ಎಂದೆ.

ಆ ಕಡೆ ಸ್ಕೂಟರೊಂದು ಹಾದುಹೋದದ್ದು ಕೇಳಿಸಿತು. "ಹಂಗಾದ್ರೆ ಎಲ್ಲರೂ ನೀನೇ ಅನ್ಕೋತಾರೆ ಕಣೇ," ಎಂದ.

ಅಂದುಕೊಳ್ಳಲಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಅವಳ ಹೆಸರೂ ಹೊರಗೆ ಬರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಅವನಾಗಿ ಇಡುವವರೆಗೆ ಹಾಗೇ ಕೂತಿದ್ದೆ.