ಆರು ತೆಂಗಿನಕಾಯಿಯ ಕಾರು

ತಿರುವಲ್ಲಿಕ್ಕೇಣಿಯ ಬದರಿನಾಥ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ಡೆಮಾನ್‌ಸ್ಟ್ರೇಟರು. ಹದಿನಾರು ವರ್ಷ ಒಂದೇ ಸೈಕಲ್ಲು ತುಳಿದವನು. ಪ್ರತಿ ಭಾನುವಾರ ಅದರ ಚೈನಿಗೆ ಎಂಟು ತೊಟ್ಟು ಎಣ್ಣೆ ಬಿಡುತ್ತಿದ್ದ, ಒಂಬತ್ತಲ್ಲ. ಇಂಥವನ ಎದೆಯೊಳಗೆ ಒಂದು ರೇಸ್ ಕಾರು ಓಡುತ್ತಿದೆಯೆಂದು ಅವನ ತಾಯಿ ರಮಾಬಾಯಿಗೂ ಗೊತ್ತಿರಲಿಲ್ಲ.

ಶೋಲವರಂನಲ್ಲಿ ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ನಡೆಯುವ ರೇಸನ್ನು ಅವನು ಏಳು ವರ್ಷ ಬೇಲಿಯ ಆಚೆ ನಿಂತು ನೋಡಿದ್ದ. ಎಂಟನೆಯ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಇನ್ನು ಬೇಲಿಯ ಈಚೆಗೆ ಬರಲೇಬೇಕೆಂದು ಹಟ ತೊಟ್ಟ. ಲಂಡನ್ನಿನಲ್ಲಿದ್ದ ಸಹಪಾಠಿ ಹರಿದಾಸ ದಾರಿ ತೋರಿಸಿದ. ಅಲ್ಲೊಂದು ಸಣ್ಣ ಕಂಪನಿ ಕಾರನ್ನು ಬಿಡಿಬಿಡಿಯಾಗಿ ಮಾರುತ್ತಿತ್ತು. ಕೊಂಡವರೇ ಮನೆಯಲ್ಲಿ ಜೋಡಿಸಿಕೊಳ್ಳಬೇಕು. ಗಾಜಿನ ನಾರಿನ ಮೈ, ಎರಡು ಸೀಟು, ಒಟ್ಟು ತೂಕ ನಾನೂರ ಮೂವತ್ತು ಕಿಲೋ.

ಆಗ ಹೊರದೇಶದ ಕಾರು ತರಿಸುವುದೆಂದರೆ ಹುಲಿಯ ಹಾಲು ತಂದ ಹಾಗೆ. ಬಿಡಿಭಾಗಗಳಿಗೆ ಮಾತ್ರ ಹೇಗೋ ಪರವಾನಗಿ ಸಿಗುತ್ತಿತ್ತು. ಬದರಿ ಆಮದಿನ ನಿಯಮಗಳ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಎರಡು ಸಲ ಓದಿ, ಆರು ಹಡಗುಗಳಲ್ಲಿ ಆರು ಪೆಟ್ಟಿಗೆ ತರಿಸಿದ.

ಹೊಸ ಯಂತ್ರ ಹೊಸ್ತಿಲು ದಾಟಿದರೆ ಕುಂಕುಮ ಹಚ್ಚಿ ಕಾಯಿ ಒಡೆಯುವುದು ರಮಾಬಾಯಿಯ ಪದ್ಧತಿ. ಹೊಲಿಗೆ ಯಂತ್ರಕ್ಕೂ ಒಡೆದಿದ್ದರು, ಸೀಲಿಂಗ್ ಫ್ಯಾನಿಗೂ ಒಡೆದಿದ್ದರು. ಈಗ ಎಂಜಿನ್ನು ಬಂದಾಗ ಒಂದು ಕಾಯಿ, ಚಕ್ರಗಳು ಬಂದಾಗ ಇನ್ನೊಂದು. ಬದರಿ ಬೇಡವೆನ್ನಲಿಲ್ಲ. ಅವನ ಲೆಕ್ಕಾಚಾರದಲ್ಲಿ ಕುಂಕುಮಕ್ಕೆ ತೂಕವಿರಲಿಲ್ಲ.

ಆರನೆಯ ಪೆಟ್ಟಿಗೆ ಬಂದ ವಾರವೇ ಸುಂಕದ ಅಧಿಕಾರಿ ತಿರುಮಲ ಮನೆಗೆ ಬಂದರು. ಹೊಸೂರಿನ ಕಡೆಯವರು, ಅವರ ಮಾತು ಕನ್ನಡದಲ್ಲಿ ಹತ್ತಿ ತಮಿಳಿನಲ್ಲಿ ಇಳಿಯುತ್ತಿತ್ತು.

"ನೋಡಿ ಸಾರ್, ಬಿಡಿಭಾಗ ತರಿಸಿ ಇಲ್ಲಿ ಸೇರಿಸಿದ್ರೆ ಪರವಾಯಿಲ್ಲೆ. ಇಡೀ ಕಾರನ್ನೇ ತುಂಡು ಮಾಡಿ ತರಿಸಿದ್ರೆ ತಪ್ಪು. ಎಲ್ಲಾನೂ ಎತ್ಕೊಂಡು ಹೋಗ್ಬೇಕಾಗತ್ತೆ. ಇದು ಎರಡ್ರಲ್ಲಿ ಯಾವ್ದು?"

ಬದರಿಗೆ ಸುಳ್ಳು ಬರುತ್ತಿರಲಿಲ್ಲ. "ಅದನ್ನ ಅಳೆಯೋ ವಿಧಾನ ಪುಸ್ತಕದಲ್ಲಿ ಕೊಟ್ಟಿಲ್ಲ ಸಾರ್," ಎಂದ.

ತಿರುಮಲ ಹಿತ್ತಿಲಿಗೆ ನಡೆದರು. ಬಿಡಿಯಾಗಿ ಇಟ್ಟಿದ್ದ ಬಾನೆಟ್ಟಿನ ಮೇಲೆ ಬಿಳಿ ಪಂಚೆ ಹಾಸಿತ್ತು.

"ಇದೇನಮ್ಮಾ?"

"ಅರಳು ಸಂಡಿಗೆ. ಮುಟ್ಟಬೇಡಿ, ಇನ್ನೂ ಹಸಿ," ಎಂದರು ರಮಾಬಾಯಿ.

ಅಧಿಕಾರಿ ಕೈ ಹಿಂದಕ್ಕೆ ತೆಗೆದರು. ಆದರೆ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ನಾಲ್ಕು ಚಕ್ರಗಳು ಗೋಡೆಗೆ ಒರಗಿದ್ದವು. ಮೈಮೇಲೆ ಕುಂಕುಮ, ಬುಡದಲ್ಲಿ ಒಂದೊಂದು ನಿಂಬೆಹಣ್ಣು.

"ಇದು ವಾಹನಪೂಜೆ ಅಲ್ವಾಮ್ಮಾ?"

"ಹೌದು. ಮತ್ತೇನು, ಹುಟ್ಟುಹಬ್ಬವೇ?"

ಬದರಿಯ ಕಣ್ಣ ಮುಂದೆ ಶೋಲವರಂನ ಬೇಲಿ ಎದ್ದು ನಿಂತಿತು. ಅವನು ಅದರ ಆಚೆಯೇ ಇದ್ದ.

"ವಾಹನಪೂಜೆ ಅಂದ್ಮೇಲೆ ಇದು ವಾಹನ," ಎಂದು ತಿರುಮಲ ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಲಿ," ಎಂದರು ರಮಾಬಾಯಿ. "ನಿಮ್ಮನೇಲಿ ಒಂದು ಗಾಡಿಗೆ ಎಷ್ಟು ಕಾಯಿ ಒಡೀತೀರಿ?"

"ಒಂದು."

"ನಾನು ಆರು ಒಡ್ದಿದ್ದೀನಿ. ಹುಚ್ಚೇ ನನಗೆ, ಒಂದು ಗಾಡಿಗೆ ಆರು ಕಾಯಿ ಒಡೆಯೋಕೆ?"

ರಮಾಬಾಯಿ ಬಚ್ಚಲಿನ ಬಾಗಿಲು ತೆರೆದರು. ಹಂಡೆಯ ಒಲೆಯ ಪಕ್ಕದಲ್ಲಿ, ಉರಿಗೆಂದು ಕೂಡಿಟ್ಟ ಕರಟಗಳು ಸಾಲಾಗಿದ್ದವು. ತಿರುಮಲ ಕುಕ್ಕರುಗಾಲಿನಲ್ಲಿ ಕುಳಿತು ಎಣಿಸಿದರು. ಹನ್ನೆರಡು. ಎರಡೆರಡನ್ನು ಜೋಡಿಸಿ ಮತ್ತೆ ಎಣಿಸಿದರು. ಆರು. ಅದನ್ನು ನೋಡುತ್ತಿದ್ದ ಬದರಿಗೆ, ಈ ಮನುಷ್ಯ ತನ್ನ ಪ್ರಯೋಗಶಾಲೆಯಲ್ಲಿ ಇರಬೇಕಾದವನು ಎನ್ನಿಸಿತು.

"ಸರಿ," ಎಂದು ಅಧಿಕಾರಿ ಬರೆದುಕೊಂಡರು. "ಆರು ದಿನ, ಆರು ಪೂಜೆ, ಆರು ಬೇರೆ ಬೇರೆ ಸಾಮಾನು." ಬಾಗಿಲಲ್ಲಿ ತಿರುಗಿ ನಿಂತು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಅಮ್ಮಾ, ಏಳನೇ ಕಾಯಿ ಒಡೆಯೋವಾಗ ನನಗೂ ಹೇಳಿ ಕಳಿಸಿ."

ಅವರು ಬೀದಿ ದಾಟಿದ ಮೇಲೆ ಬದರಿ ಕೇಳಿದ: "ಅಮ್ಮಾ, ನಿಜವಾಗ್ಲೂ ಅದು ಆರು ಸಾಮಾನು ಅಂತಲೇ ತಿಳಿದಿದ್ದೆಯಾ?"

"ಹೋಗೋ. ಆರು ದಿನ ಕಾಯಿ ಚಟ್ನಿ ಬಡಿಸಿದೆ. ಒಂದೇ ಗಾಡಿಗೆ ಇಷ್ಟೊಂದು ಕಾಯಿ ಯಾಕಮ್ಮಾ ಅಂತ ಒಂದು ದಿನ ಕೇಳಿದೆಯಾ ನೀನು?"

ಜೋಡಿಸಲು ಏಳು ತಿಂಗಳು ಹಿಡಿಯಿತು. ನಟ್ಟು ಬೋಲ್ಟು ಒಟ್ಟು ಸಾವಿರದ ನೂರ ನಲವತ್ತಾರು. ಕೊನೆಗೆ ಒಂದೂ ಉಳಿಯಲಿಲ್ಲ. ನೋಂದಣಿಯಾದ ಮರುದಿನ ತಿರುಮಲ ತಾವೇ ಕಾಯಿ ಹಿಡಿದುಕೊಂಡು ಬಂದರು. ಕೂದಲು ನೀಟಾಗಿ ಬಾಚಿದ್ದರು. ಸವಾರಿಗೆ ಸಿದ್ಧರಾಗಿಯೇ ಬಂದಿದ್ದರು.

ಕಾಯಿ ಒಡೆದದ್ದಾಯಿತು. ನಾಲ್ಕು ನಿಂಬೆಹಣ್ಣೂ ಚಕ್ರದಡಿ ಸೇರಿದವು. ತಿರುಮಲ ಎಡಗಡೆಯ ಬಾಗಿಲಿಗೆ ಕೈ ಹಾಕಿ ನೋಡುತ್ತಾರೆ, ರಮಾಬಾಯಿ ಸೀರೆ ಬಿಗಿದು ಸೆರಗು ಹೊದ್ದು ಒಳಗೆ ಕೂತಾಗಿದೆ.

"ಎರಡೇ ಸೀಟಪ್ಪಾ," ಎಂದರು ಅವರು. "ನೀವು ಹಿತ್ತಿಲಲ್ಲಿ ಒಣಹಾಕಿರೋ ಸಂಡಿಗೆ ನೋಡಿಕೊಳ್ಳಿ, ಕಾಗೆ ಬರತ್ತೆ. ಬದರೀ, ಶೋಲವರಂ ಕಡೆ ಬಿಡು."