ಮಂಜಪ್ಪ ಹೆಗಡೆಯವರ ಎಡ ಅಂಗೈ

ಭೀಷ್ಮ ಪ್ರತಿಜ್ಞೆ ಹಸ್ತಿನಾವತಿಗೆ ದೊಡ್ಡದಿರಬಹುದು. ಹೆಗಡೆಕಟ್ಟಾದಲ್ಲಿ ಮಂಜಪ್ಪ ಹೆಗಡೆಯವರದೇ ದೊಡ್ಡದು. ತಮ್ಮ ಎಡ ಅಂಗೈಯಲ್ಲಿ ವೀಳ್ಯದೆಲೆಯಿಟ್ಟು ತಾವೇ ಸುಣ್ಣ ಹಚ್ಚಿದ ಕವಳವನ್ನಲ್ಲದೆ ಬೇರೆಯವರು ಮಡಚಿಕೊಟ್ಟದ್ದನ್ನು ಅವರು ಮದುವೆಮನೆಯಲ್ಲೂ ಬಾಯಿಗಿಟ್ಟವರಲ್ಲ. ೨೦೦೮ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಬಿಗಿಮುಷ್ಟಿಯಾಯಿತು. ಎಂಟು ತಿಂಗಳು ಕವಳವಿಲ್ಲ!

ಹುಬ್ಬಳ್ಳಿಯ ವೈದ್ಯರೊಬ್ಬರು ಶಾಕ್ ವೇವ್ ಯಂತ್ರ ತೆಗೆದಾಗ ಹೆಂಡತಿ ಗೋದಾವರಿ ಬೆದರಿದರು.

"ಕರೆಂಟ್ ಅಲ್ರೀ ಅಮ್ಮಾ, ಬರೇ ಒತ್ತಡದ ಅಲೆ," ಎಂದು ವೈದ್ಯರು ಅದನ್ನು ಮುಂಗೈಗೆ ಒತ್ತಿದರು. ಟಕಟಕಟಕ! ಮೂರನೆಯ ವಾರ ಸ್ನಾಯು ಸಡಿಲಿ, ಕೋಟೆಯ ಬಾಗಿಲಿನಂತೆ ಬೆರಳುಗಳು ತೆರೆದವು! ವೈದ್ಯರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಗೋದಾವರಿ ಚೀಲದಿಂದ ಎಲೆ ತೆಗೆದು, ಆ ಅಂಗೈ ಮೇಲಿಟ್ಟು ಕೇಳಿದರು: "ಹ್ಯಾಂಗಿದ್ದು?"

ಹೆಗಡೆಯವರು ದಿಟ್ಟಿಸಿ ನೋಡಿ ಹೇಳಿದರು: "ಎಲೆ ಬಾಡಿ ಹೋಯ್ದು."